ಅಣಬೆಯಂತೆ ಕಾಣುವ ಹೂವು, ಹೂವಿನಂತೆ ನಡೆದುಕೊಳ್ಳುವ ಅಣಬೆ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ, ಮೇಲ್ಗಡೆ ಕಾಡು. ಜುಲೈನಲ್ಲಿ ಒಂದು ಬೆಳಿಗ್ಗೆ ಬಿದಿರು ಮೆಳೆಯ ಬುಡದಲ್ಲಿ ಬಿಳಿ ಜಾಲರಿ ಲಂಗ ತೊಟ್ಟ ಹಾಗೆ ಒಂದು ಹೂವು ಎದ್ದಿತ್ತು. ವಿಪರೀತ ನಾತ. ಸಂಜೆ ಮಗಳಿಗೆ ತೋರಿಸೋಣ ಅಂತ ಹೋದರೆ ಬಾಗಿ ಬಿದ್ದುಹೋಗಿತ್ತು. ಆಮೇಲೆ ನವೆಂಬರಿನಲ್ಲಿ ಅದೇ ಕಾಡಿನ ಒಳಗೆ ಕೆಂಪು ಮಿಶ್ರಿತ ಹಳದಿ ಬಣ್ಣದ ಗುಂಡು ಗುಂಡು ಅಣಬೆಗಳ ಗುಂಪು ಕಂಡಿತು. ಒಂದು ವಾರ ಬಿಟ್ಟು ಹೋದರೂ ಹಾಗೇ ಇತ್ತು, ಕೊಳೆತಿರಲಿಲ್ಲ. ನಮ್ಮ ಮಾವನವರು ಎರಡೂ ಅಣಬೆ ಅಂತಾರೆ. ಮಗಳು ಎರಡೂ ಹೂವು ಅಂತಾಳೆ. ಎರಡರ ಫೋಟೋ ಕಳಿಸಿದ್ದೇನೆ. ಯಾರು ಹೇಳಿದ್ದು ಸರಿ?
(ಓದುಗರೊಬ್ಬರು, ಮೂಡಿಗೆರೆ)

ಉತ್ತರ: ಮಾವನವರಿಗೂ ಮಗಳಿಗೂ ಅರ್ಧರ್ಧ ಅಂಕ. ಜುಲೈನಲ್ಲಿ ಹೂವಿನ ಹಾಗೆ ಕಂಡದ್ದು ಅಣಬೆ. ನವೆಂಬರಿನಲ್ಲಿ ಅಣಬೆಯ ಹಾಗೆ ಕಂಡದ್ದು ಹೂ ಬಿಡುವ ಗಿಡ. ಈ ಎರಡನ್ನೂ ಒಂದೇ ವರ್ಷ, ಒಂದೇ ಕಾಡಿನಲ್ಲಿ ನೋಡಿದ್ದೀರಿ ಅಂದರೆ ನನಗೆ ನಿಜಕ್ಕೂ ಖುಷಿಯಾಯಿತು, ಯಾಕಂದರೆ ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಗಿಡ ಅಂದರೇನು, ಅಣಬೆ ಅಂದರೇನು ಅನ್ನುವುದು ಯಾವ ಪಾಠಪುಸ್ತಕಕ್ಕಿಂತಲೂ ಚೆನ್ನಾಗಿ ಅರ್ಥವಾಗುತ್ತದೆ.

ಮೊದಲು ನವೆಂಬರಿನದು. ಅದು ಬಲನೋಫೊರಾ ಜಾತಿಯ ಗಿಡ. ಪೂರ್ತಿ ಹೆಸರು ಬಲನೋಫೊರಾ ಫಂಗೋಸಾ. ಇಂಗ್ಲೆಂಡಿನ ನಾವಿಕ ಕ್ಯಾಪ್ಟನ್ ಕುಕ್ ಅವರ ಎರಡನೇ ಸಮುದ್ರಯಾನದಲ್ಲಿ ಜೊತೆಗೆ ಹೋಗಿದ್ದ ಫಾರ್ಸ್ಟರ್ ತಂದೆ-ಮಗ 1770ರ ದಶಕದಲ್ಲಿ ಇಟ್ಟ ಹೆಸರು ಇದು. ಫಂಗೋಸಾ ಅಂದರೆ ಅಣಬೆಯಂಥದ್ದು ಅಂತಲೇ ಅರ್ಥ. ಅಂದರೆ ನಿಮ್ಮ ಮಾವನವರ ಕಣ್ಣಿಗೆ ಹೇಗೆ ಕಂಡಿತೋ ಹೆಸರಿಟ್ಟವರ ಕಣ್ಣಿಗೂ ಹಾಗೆಯೇ ಕಂಡಿದೆ. ಕುದುರೆಮುಖದ ಕಡೆ ನಾನು ಮೊದಲ ಸಲ ಇದನ್ನು ನೋಡಿದಾಗ ಅಣಬೆ ಅಂತಲೇ ತಿಳಿದು ಮುಂದೆ ನಡೆದಿದ್ದೆ. ಜೊತೆಗಿದ್ದ ಹಿರಿಯರೊಬ್ಬರು ವಾಪಸ್ ಕರೆದು, ಮಂಡಿಯೂರಿ ಕೂತು, ಲೆನ್ಸ್ ಕೈಗೆ ಕೊಟ್ಟು, "ಇದರ ಮೇಲೆ ಇರುವೆ ಯಾಕೆ ಓಡಾಡ್ತಿದೆ ನೋಡಿ" ಅಂದರು. ಆಮೇಲೆ ಅರ್ಧ ಗಂಟೆ ನಾವು ಅಲ್ಲಿಂದ ಏಳಲಿಲ್ಲ.

ಇದರಲ್ಲಿ ಹಸಿರು ಎಲ್ಲೂ ಇಲ್ಲ. ಎಲೆ ಅನ್ನುವುದು ಕಾಂಡಕ್ಕೆ ಅಂಟಿಕೊಂಡ ಹುರುಪೆಯ ಹಾಗಿರುತ್ತದೆ, ಅಷ್ಟೇ. ಸ್ವಂತ ಬೇರೂ ಇಲ್ಲ. ಮಣ್ಣಿನ ಅಡಿಯಲ್ಲಿ ಒಂದು ಗಂಟು ಗಂಟು ಗೆಡ್ಡೆ ಇರುತ್ತದೆ, ಅದು ಪಕ್ಕದ ಮರದ ಬೇರಿಗೆ ಕಚ್ಚಿಕೊಂಡಿರುತ್ತದೆ. ನೀರು, ಸಕ್ಕರೆ, ಉಪ್ಪು, ಎಲ್ಲವೂ ಮರದ್ದೇ. ಆ ಗೆಡ್ಡೆಯನ್ನು ಕೊಯ್ದು ನೋಡಿದವರು ಹೇಳುವುದೇನೆಂದರೆ, ಅದರೊಳಗೆ ಮರದ ನಾಳಗಳೂ ಈ ಗಿಡದ ನಾಳಗಳೂ ಹೆಣೆದುಕೊಂಡಿರುತ್ತವೆ, ಎಲ್ಲಿಗೆ ಮರ ಮುಗಿಯಿತು ಎಲ್ಲಿಂದ ಗಿಡ ಶುರುವಾಯಿತು ಅಂತ ಗೆರೆ ಎಳೆಯುವುದು ಕಷ್ಟ. ನಮ್ಮ ಮಾವಿನ ಮರ, ಹಲಸಿನ ಮರದ ಮೇಲೆ ಬೆಳೆಯುವ ಬಂದಳಿಕೆ ಗೊತ್ತಲ್ವಾ? ಅದೂ ಪರಾವಲಂಬಿಯೇ. ಆದರೆ ಬಂದಳಿಕೆಗೆ ಹಸಿರು ಎಲೆ ಇದೆ, ಅರ್ಧ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ಬಲನೋಫೊರಾ ಒಲೆಯನ್ನೇ ಹಚ್ಚುವುದಿಲ್ಲ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಬಲನೋಫೊರಾ, ಬಂದಳಿಕೆ, ನಮ್ಮ ಶ್ರೀಗಂಧ, ಈ ಮೂರೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ದೊಡ್ಡ ಬಳಗಕ್ಕೆ ಸೇರಿದವು. ಶ್ರೀಗಂಧದ ಸಸಿ ಒಂದನ್ನೇ ನೆಟ್ಟರೆ ಚೆನ್ನಾಗಿ ಏಳುವುದಿಲ್ಲ, ಅದಕ್ಕೇ ನರ್ಸರಿಯವರು ಪಾಕೀಟಿನಲ್ಲೇ ಜೊತೆಗೆ ತೊಗರಿ ಗಿಡ ಬೆಳೆಸುತ್ತಾರೆ. ಗಂಧದ ಬೇರು ಪಕ್ಕದ ಗಿಡದ ಬೇರಿನಿಂದ ಸ್ವಲ್ಪ ಎಳೆದುಕೊಳ್ಳುತ್ತದೆ. ಗಂಧದ ಮರ ಅಲ್ಲಿಗೆ ನಿಂತಿತು. ಅದರ ಈ ದೂರದ ನೆಂಟ ಆ ದಾರಿಯಲ್ಲಿ ಕೊನೆಯವರೆಗೂ ಹೋಗಿ ಎಲೆ, ಹಸಿರು, ಬೇರು ಎಲ್ಲವನ್ನೂ ಬಿಟ್ಟುಕೊಟ್ಟಿತು.

ಹಾಗಾದರೆ ಇದನ್ನು ಗಿಡ ಅನ್ನುವುದು ಯಾಕೆ? ಹೂವಿಗಾಗಿ. ನೀವು ನೋಡಿದ ಆ ಗುಂಡು ತಲೆ ಒಂದು ಹೂವಲ್ಲ, ಸಾವಿರಾರು ಹೂವುಗಳ ಗೊಂಚಲು. ನಮ್ಮ ಕಡೆ ಸಿಗುವ ಬಗೆಯಲ್ಲಿ ಗಂಡು ಗೊಂಚಲು ಬೇರೆ, ಹೆಣ್ಣು ಗೊಂಚಲು ಬೇರೆ. ಗಂಡು ಹೂವು ಬರಿಗಣ್ಣಿಗೆ ಕಾಣುತ್ತದೆ, ಬಿರಿದಾಗ ಪುಟ್ಟ ಪುಟ್ಟ ಎಸಳೂ ಪರಾಗದ ಮುದ್ದೆಯೂ ಕಾಣುತ್ತವೆ. ಹೆಣ್ಣು ಹೂವಿನ ಕಥೆಯೇ ಬೇರೆ. ಅದಕ್ಕೆ ಎಸಳೇ ಇಲ್ಲ, ಒಂದು ಚೂರು ಅಂಡಾಶಯ, ಅದರ ಮೇಲೊಂದು ಕೂದಲೆಳೆಯಂಥ ಶಲಾಕೆ, ಮುಗಿಯಿತು. ಪ್ರಪಂಚದ ಅತಿ ಚಿಕ್ಕ ಹೂವುಗಳಲ್ಲಿ ಇದೂ ಒಂದು. ನಿಮ್ಮ ಫೋಟೋದಲ್ಲಿ ತಲೆ ನುಣುಪಾಗಿ ಮಖಮಲ್ ಹಾಗಿರುವುದರಿಂದ ನೀವು ನೋಡಿದ್ದು ಹೆಣ್ಣು ಅನ್ನಿಸುತ್ತದೆ. ಇರುವೆ, ನೊಣಗಳು ಇದರ ಮೇಲೆ ಬಂದು ಹೋಗುತ್ತಿರುತ್ತವೆ. ಬೀಜ ಧೂಳಿನಷ್ಟು ಸಣ್ಣದು. ಆ ಧೂಳು ಮರದ ಬೇರಿನ ಪಕ್ಕವೇ ಬಿದ್ದರೆ ಬದುಕು, ಇಲ್ಲದಿದ್ದರೆ ಇಲ್ಲ.

ಇದರ ಜೀವಕೋಶದ ಒಳಗೆ ಇನ್ನೊಂದು ಸಾಕ್ಷಿ ಸಿಕ್ಕಿದೆ. ಹಸಿರು ಗಿಡಗಳಲ್ಲಿ ಅಡುಗೆ ಮಾಡುವ ಕ್ಲೋರೋಪ್ಲಾಸ್ಟಿಗೆ ತನ್ನದೇ ಪುಟ್ಟ ಡಿಎನ್ಎ ಇರುತ್ತದೆ, ಸಾಮಾನ್ಯವಾಗಿ ಸುಮಾರು ಒಂದೂವರೆ ಲಕ್ಷ ಅಕ್ಷರದಷ್ಟು ಉದ್ದ. ಬಲನೋಫೊರಾದಲ್ಲಿ ಅದು ಕುಗ್ಗಿ ಕುಗ್ಗಿ ಹದಿನಾರು ಸಾವಿರದ ಆಸುಪಾಸಿಗೆ ಇಳಿದಿದೆ ಅಂತ 2019ರಲ್ಲಿ ಪ್ರಕಟವಾಯಿತು. ಅಡುಗೆ ಬಿಟ್ಟು ಯುಗಗಳೇ ಕಳೆದರೂ ಅಡುಗೆಮನೆಯ ಒಂದು ಮೂಲೆ ಇನ್ನೂ ಉಳಿದಿದೆ. ಯಾವ ಅಣಬೆಯಲ್ಲೂ ಆ ಮೂಲೆ ಇರುವುದಿಲ್ಲ, ಯಾಕಂದರೆ ಅಣಬೆಗೆ ಅಂಥ ಅಡುಗೆಮನೆ ಯಾವತ್ತೂ ಇರಲೇ ಇಲ್ಲ.

ಜನರ ಬಳಕೆಯ ಬಗ್ಗೆಯೂ ಒಂದೆರಡು ಮಾತು. ಬಲನೋಫೊರಾ ಗೆಡ್ಡೆಯಲ್ಲಿ ಗೆಣಸಿನ ಹಾಗೆ ಪಿಷ್ಟ ತುಂಬಿರುವುದಿಲ್ಲ, ಒಂದು ಬಗೆಯ ಮೇಣ ಇರುತ್ತದೆ. ಜಾವಾದಲ್ಲಿ ಆ ಮೇಣವನ್ನು ಬಿದಿರು ಕಡ್ಡಿಗೆ ಮೆತ್ತಿ ದೀಪದ ಹಾಗೆ ಉರಿಸುತ್ತಿದ್ದರು. 19ನೇ ಶತಮಾನದ ನಡುವೆ ಸಿಕ್ಕಿಂ ಕಡೆ ಓಡಾಡಿದ ಇಂಗ್ಲೆಂಡಿನ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಇನ್ನೊಂದು ಸಂಗತಿ ಬರೆದಿಟ್ಟಿದ್ದಾರೆ. ಈ ಗಿಡ ಕಚ್ಚಿದ ಜಾಗದಲ್ಲಿ ಮೇಪಲ್ ಮುಂತಾದ ಮರಗಳ ಬೇರು ಊದಿಕೊಂಡು ಗಂಟಾಗುತ್ತದೆ, ಆ ಗಂಟನ್ನು ಕೊರೆದು ಟಿಬೆಟಿನವರು ಮರದ ಬಟ್ಟಲು ಮಾಡಿಕೊಳ್ಳುತ್ತಿದ್ದರು. ಹೂಕರ್ 1856ರಲ್ಲಿ ಈ ಇಡೀ ಕುಟುಂಬದ ಬಗ್ಗೆ ದೊಡ್ಡ ಪ್ರಬಂಧವನ್ನೇ ಬರೆದರು.

ಅಣಬೆ ಅಂತ ತಪ್ಪು ತಿಳಿದದ್ದು ನೀವು, ನಾನು ಮಾತ್ರ ಅಲ್ಲ. ಮೆಡಿಟರೇನಿಯನ್ ಸಮುದ್ರದಲ್ಲಿ ಮಾಲ್ಟಾ ಅಂತ ಪುಟ್ಟ ದೇಶ ಇದೆ. ಅಲ್ಲಿನ ಗೋಜೋ ದ್ವೀಪದ ಪಕ್ಕದ ಒಂದು ಬಂಡೆಯ ಮೇಲೆ ಗಾಢ ಕೆಂಪು ಬಣ್ಣದ, ಹಸಿರಿಲ್ಲದ ಗಿಡವೊಂದು ಬೆಳೆಯುತ್ತದೆ. ಅದು ರಕ್ತಸ್ರಾವಕ್ಕೆ, ಭೇದಿಗೆ ಮದ್ದು ಅಂತ ನಂಬಿ ಅದನ್ನು ಮಾಲ್ಟಾ ಅಣಬೆ ಅಂತ ಕರೆದರು. ಬಂಡೆಗೂ ಅಣಬೆ ಬಂಡೆ ಅಂತಲೇ ಹೆಸರಾಯಿತು. 1746ರಲ್ಲಿ ಅಲ್ಲಿನ ಆಳುವವರು ಬಂಡೆಗೆ ಕಾವಲು ಹಾಕಿ, ಅಪ್ಪಣೆ ಇಲ್ಲದೆ ಹತ್ತಿದವರಿಗೆ ಹಡಗಿನಲ್ಲಿ ಹುಟ್ಟು ಹಾಕುವ ಶಿಕ್ಷೆ ಅಂತ ಸಾರಿದರು. ಅಷ್ಟೆಲ್ಲ ಕಾದದ್ದು ಅಣಬೆಯನ್ನಲ್ಲ, ಸೈನೋಮೋರಿಯಂ ಅನ್ನುವ ಹೂ ಬಿಡುವ ಗಿಡವನ್ನು. ಅದು ಬಲನೋಫೊರಾದ ಹತ್ತಿರದ ನೆಂಟ ಅಂತ ಬಹಳ ಕಾಲ ಅಂದುಕೊಂಡಿದ್ದರು, ಈಗ ಬೇರೆ ಕುಟುಂಬಕ್ಕೆ ಸೇರಿಸಿದ್ದಾರೆ. ಒಂದೇ ಥರ ಬದುಕಿದ್ದರಿಂದ ಒಂದೇ ಥರ ಕಾಣುವ ಹಾಗಾಗಿದೆ.

ಈಗ ಜುಲೈನಲ್ಲಿ ಕಂಡ ಜಾಲರಿ ಲಂಗದ್ದು. ಅದರ ಹೆಸರು ಫ್ಯಾಲಸ್ ಇಂಡುಸಿಯಾಟಸ್. ಇಂಡುಸಿಯಾಟಸ್ ಅಂದರೆ ಲ್ಯಾಟಿನ್ನಿನಲ್ಲಿ ಒಳಂಗಿ ತೊಟ್ಟದ್ದು ಅಂತ. ಹೆಸರಿಟ್ಟದ್ದು 1798ರಲ್ಲಿ. ಇದರ ನಿಜವಾದ ಮೈ ಮಣ್ಣಿನಲ್ಲಿ, ಕೊಳೆತ ಬಿದಿರು, ತರಗೆಲೆಯ ನಡುವೆ ಬಿಳಿ ದಾರದ ಹಾಗೆ ಹರಡಿಕೊಂಡಿರುತ್ತದೆ. ಮಳೆಯಲ್ಲಿ ಅಲ್ಲಿಂದ ಒಂದು ಮೊಟ್ಟೆ ಏಳುತ್ತದೆ, ನೋಡೋಕೆ ಥೇಟ್ ಕೋಳಿಮೊಟ್ಟೆಯೇ. ಒಳಗೆ ಕಾಂಡ, ಟೋಪಿ, ಜಾಲರಿ ಎಲ್ಲವೂ ಮಡಚಿಟ್ಟ ಸೀರೆಯ ಹಾಗೆ ತಯಾರಾಗಿರುತ್ತವೆ. ಮೊಟ್ಟೆ ಒಡೆದ ಮೇಲೆ ಹೊಸದಾಗಿ ಬೆಳೆಯುವ ಕೆಲಸ ಹೆಚ್ಚಿಲ್ಲ. ನೀರು ಹೀರಿಕೊಂಡು ಹಿಗ್ಗುವುದಷ್ಟೇ. ಅದಕ್ಕೇ ಕೆಲವೇ ಗಂಟೆಗಳಲ್ಲಿ ಗೇಣುದ್ದ ಎದ್ದು ನಿಲ್ಲುತ್ತದೆ, ಅಷ್ಟೇ ಬೇಗ ಕುಸಿಯುತ್ತದೆ. ನಿಮ್ಮ ಮಗಳಿಗೆ ಸಂಜೆ ಸಿಗದಿದ್ದದ್ದು ಅದಕ್ಕೇ.

ಆ ನಾತದ ಬಗ್ಗೆ ಬರೆದಿದ್ದೀರಲ್ಲ, ಗುಟ್ಟು ಇರುವುದು ಅಲ್ಲೇ. ಟೋಪಿಯ ಮೇಲೆ ಹಸಿರು ಮಿಶ್ರಿತ ಕಂದು ಬಣ್ಣದ ಲೋಳೆ ಇರುತ್ತದೆ. ಅಣಬೆಯ ಬೀಜಾಣುಗಳೆಲ್ಲ ಅದರಲ್ಲೇ. ಸಾಮಾನ್ಯ ಕೊಡೆ ಅಣಬೆ ಬೀಜಾಣುಗಳನ್ನು ಗಾಳಿಗೆ ಬಿಡುತ್ತದೆ. ಇದು ಗಾಳಿಯನ್ನು ನೆಚ್ಚಿಕೊಂಡಿಲ್ಲ, ನೊಣಗಳನ್ನು ಕರೆಯುತ್ತದೆ. ಕೊಳೆತ ಮಾಂಸ ಇದೆ ಅಂದುಕೊಂಡು ಬಂದ ನೊಣಗಳು ಲೋಳೆಯನ್ನು ನೆಕ್ಕಿ, ಕಾಲಿಗೆ ಮೆತ್ತಿಕೊಂಡು, ಹೊಟ್ಟೆಯಲ್ಲಿ ಇಟ್ಟುಕೊಂಡು ಹಾರಿಹೋಗಿ ಎಲ್ಲೋ ಬೇರೆ ಕಡೆ ಬಿಡುತ್ತವೆ. ಕೆಳಗಿನ ಜಾಲರಿ ರೆಕ್ಕೆಯಿಲ್ಲದ ಹುಳುಗಳಿಗೆ ಹತ್ತಲು ಏಣಿಯಾಗುತ್ತದೆ ಅನ್ನುವ ಊಹೆಯೂ ಇದೆ. ಬಣ್ಣ, ವಾಸನೆ, ಬಡಿಸಿದ ಊಟ, ಬಂದುಹೋಗುವ ಕೀಟ, ಇದೆಲ್ಲ ಹೂವಿನ ಕೆಲಸ ಅಲ್ವಾ? ನಿಮ್ಮ ಹಿತ್ತಲಲ್ಲಿ ಸುವರ್ಣಗೆಡ್ಡೆ ಹೂ ಬಿಟ್ಟಾಗ ಇಂಥದೇ ನಾತ ಬಂದಿರಬೇಕು, ಮನೆಯವರೆಲ್ಲ ಸತ್ತ ಇಲಿ ಹುಡುಕಿರಬೇಕು. ಸುವರ್ಣಗೆಡ್ಡೆಯ ದೊಡ್ಡ ನೆಂಟ, ಸುಮಾತ್ರಾದ ಟೈಟನ್ ಆರಮ್ ಹೂವಿನಲ್ಲೂ ಈ ನಾರುವ ಅಣಬೆಗಳ ಗುಂಪಿನಲ್ಲೂ ಗಂಧಕ ಸೇರಿದ ಒಂದೇ ರಾಸಾಯನಿಕ ಸಿಕ್ಕಿದೆ. ಒಂದು ಗಿಡ, ಒಂದು ಅಣಬೆ, ಎರಡೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ನೊಣಕ್ಕೆ ಒಂದೇ ಸುಳ್ಳು ಹೇಳುತ್ತಿವೆ.

ಹಾಗಾಗಿ ಮುಂದಿನ ಸಲ ಅನುಮಾನ ಬಂದರೆ ಆಕಾರ ನೋಡಬೇಡಿ. ಬುಡ ನೋಡಿದರೂ ಮೋಸ ಹೋಗಬಹುದು, ಯಾಕಂದರೆ ಬಲನೋಫೊರಾ ಕೂಡ ಗೆಡ್ಡೆಯ ಸಿಪ್ಪೆ ಸೀಳಿಕೊಂಡೇ ಮೇಲೆ ಬರುತ್ತದೆ, ಬುಡದಲ್ಲಿ ಒಡೆದ ಮೊಟ್ಟೆಯ ಹಾಗೆ ಒಂದು ಬಟ್ಟಲು ಉಳಿಯುತ್ತದೆ. ಕಾಂಡದ ಮೇಲೆ ಹುರುಪೆ ಎಲೆ ಸಾಲಾಗಿದೆಯಾ ನೋಡಿ, ಇದ್ದರೆ ಗಿಡ. ಲೆನ್ಸ್ ಹಿಡಿದು ತಲೆಯನ್ನು ನೋಡಿ, ಪರಾಗ ಅಥವಾ ಪುಟ್ಟ ಎಸಳು ಕಂಡರೆ ಗಿಡ. ಕೊಡೆಯ ಅಡಿಯಲ್ಲಿ ಪದರವೋ ತೂತುಗಳೋ ಇದ್ದರೆ, ಅಥವಾ ಮೇಲೆ ಲೋಳೆ ಇದ್ದರೆ ಅಣಬೆ. ದಿನಗಳ ಲೆಕ್ಕವೂ ಸಹಾಯಕ್ಕೆ ಬರುತ್ತದೆ, ಒಂದು ವಾರ ಕಳೆದರೂ ಹಾಗೇ ನಿಂತದ್ದು ನಿಮಗೆ ಒಳ್ಳೆಯ ಸುಳಿವಾಗಿತ್ತು. ಆದರೆ ಮರದ ಮೇಲೆ ಬೆಳೆಯುವ ಗಟ್ಟಿ ಅಣಬೆಗಳು ತಿಂಗಳುಗಟ್ಟಲೆ ಇರುತ್ತವೆ, ಅದೊಂದನ್ನೇ ನಂಬಿಕೊಳ್ಳಬೇಡಿ.

ಪ್ರಶ್ನೆ: ಅಕ್ಕಾ, ಹಸಿರಿಲ್ಲ, ಬೇರಿಲ್ಲ, ಬೇರೆಯವರದ್ದು ತಿಂದು ಬದುಕುತ್ತದೆ ಅಂದರೆ ಅದು ಅಣಬೆಯೇ ಆಯಿತಲ್ಲ? ನಮ್ಮ ಕಾರ್ಕಳದ ಕಡೆ ಮೊದಲ ಮಳೆಗೆ ಕಲ್ಲಣಬೆ ಬರುತ್ತದೆ, ತುಳುವಿನಲ್ಲಿ ಕಲ್ಲಲಾಂಬು ಅಂತೀವಿ. ಅದೂ ಎಲ್ಲ ಕಡೆ ಬರುವುದಿಲ್ಲ, ಕೆಲವು ಮರಗಳ ಕೆಳಗೆ ಮಾತ್ರ. ಅದೂ ಮರದ ಬೇರನ್ನು ಹೀರುತ್ತದಾ?
(ಓದುಗರೊಬ್ಬರು, ಕಾರ್ಕಳ)

ಉತ್ತರ: ಕಲ್ಲಣಬೆಯ ಹೆಸರು ಕೇಳಿದರೇ ಬಾಯಲ್ಲಿ ನೀರು ಬರುತ್ತದೆ. ಅದು ಮರವನ್ನು ಹೀರುವುದಿಲ್ಲ, ಮರದ ಜೊತೆ ಕೊಡು-ಕೊಳ್ಳು ಮಾಡುತ್ತದೆ. ಕಲ್ಲಣಬೆಯ ಎಳೆಗಳು ಕಿರಾಲಬೋಗಿಯಂಥ ಮರಗಳ ಎಳೆಬೇರಿಗೆ ಕವಚದ ಹಾಗೆ ಸುತ್ತಿಕೊಳ್ಳುತ್ತವೆ. ಬೇರು ಹೋಗಲಾಗದ ಸಂದಿಯಿಂದ ನೀರು, ರಂಜಕ ತಂದು ಮರಕ್ಕೆ ಕೊಡುತ್ತವೆ, ಮರ ಎಲೆಯಲ್ಲಿ ಮಾಡಿದ ಸಕ್ಕರೆಯನ್ನು ಇದಕ್ಕೆ ಕೊಡುತ್ತದೆ. ಆ ಮರ ಕಡಿದರೆ ಕಲ್ಲಣಬೆಯೂ ಹೋಗುತ್ತದೆ. ಬೇಸಾಯ ಮಾಡಿ ಬೆಳೆಸುವುದು ಕಷ್ಟವಾಗಿರುವುದೂ ಅದಕ್ಕೇ. ಒಳಗೆ ಬೆಳ್ಳಗೆ ಇರುವಾಗ ಸಾರು, ಸುಕ್ಕ ಮಾಡುತ್ತೀರಿ. ಬಲಿತರೆ ಒಳಗೆಲ್ಲ ಗಾಢ ಕಂದು ಪುಡಿ, ಹೊರ ಸಿಪ್ಪೆ ನಕ್ಷತ್ರದ ಹಾಗೆ ಸೀಳಿ ನೆಲದ ಮೇಲೆ ಅರಳಿಕೊಳ್ಳುತ್ತದೆ. ಅದನ್ನೂ ಒಣಗಿದ ಹೂವು ಅಂದುಕೊಳ್ಳುವವರು ಇದ್ದಾರೆ.

ಬೇರೆಯವರದ್ದು ತಿಂದು ಬದುಕುವುದೆಲ್ಲ ಅಣಬೆ ಅಂದರೆ ನಾವೂ ಅಣಬೆಗಳೇ ಆಗುತ್ತೇವೆ. ಸುಮ್ನೆ ಹೇಳುತ್ತಿಲ್ಲ, ವಂಶದ ಲೆಕ್ಕದಲ್ಲಿ ಅಣಬೆ ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರ. ಅದರ ಕೋಶದ ಗೋಡೆ ಕೈಟಿನ್ನಿನದು, ಸಿಗಡಿಯ ಚಿಪ್ಪಿನಲ್ಲಿ ಇರುತ್ತಲ್ಲ, ಅದೇ ವಸ್ತು. ಗಿಡದ ಕೋಶದ ಗೋಡೆ ಸೆಲ್ಯುಲೋಸಿನದು, ಹತ್ತಿ ಬಟ್ಟೆಯದು. ಹಳಬರು ಅಣಬೆಯನ್ನು ಸಸ್ಯಶಾಸ್ತ್ರದ ಪುಸ್ತಕದಲ್ಲೇ ಓದಿರುತ್ತಾರೆ. 1969ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ವಿಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ಹಂಚಿದಾಗ ಅಣಬೆಗಳಿಗೆ ಬೇರೆಯದೇ ಸಾಮ್ರಾಜ್ಯ ಕೊಟ್ಟರು. ಬಲನೋಫೊರಾ ಎಷ್ಟೇ ಸೋಮಾರಿಯಾದರೂ ಅದರ ಕೋಶದ ಗೋಡೆ ಗಿಡದ್ದೇ, ಬೀಜ ಬೀಜವೇ, ಹೂವು ಹೂವೇ.

ಪ್ರಶ್ನೆ: ಮಲೆನಾಡಿನಲ್ಲಿ ಸೀತಾಳೆ ದಂಡೆಗೂ ಅಣಬೆಗೂ ನಂಟಿದೆ ಅಂತ ಎಲ್ಲೋ ಕೇಳಿದೆ. ಮರದ ಮೇಲಿನ ಅಷ್ಟು ಚಂದದ ಹೂವಿಗೂ ನೆಲದ ಅಣಬೆಗೂ ಏನು ಸಂಬಂಧ?
(ಶಿಕ್ಷಕಿಯೊಬ್ಬರು, ಶಿರಸಿ)

ಉತ್ತರ: ಸಂಬಂಧ ಇದೆ ಟೀಚರ್, ಅದೂ ಹುಟ್ಟಿನಿಂದಲೇ. ಸೀತಾಳೆ ದಂಡೆ ಆರ್ಕಿಡ್ ಕುಟುಂಬದ್ದು. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಮೊಳಕೆಗೆ ಬೇಕಾದ ಬುತ್ತಿ ಅದರಲ್ಲಿ ಇರುವುದಿಲ್ಲ. ಅಣಬೆಯ ಬಳಗದ್ದೇ ಆದ, ಕಣ್ಣಿಗೆ ಕಾಣದ ಒಂದು ಶಿಲೀಂಧ್ರ ಬಂದು ಆ ಬೀಜದೊಳಗೆ ಎಳೆ ಚಾಚಿ ಊಟ ಕೊಟ್ಟರೆ ಮಾತ್ರ ಕಾಡಿನಲ್ಲಿ ಮೊಳಕೆ. ಫ್ರಾನ್ಸಿನ ನೋಯೆಲ್ ಬರ್ನಾರ್ಡ್ ಇದನ್ನು ಕಂಡುಹಿಡಿದದ್ದು 1899ರಲ್ಲಿ. ಆಗ ಅವರ ಮುಂದೆ ಇದ್ದದ್ದೂ ಹಸಿರಿಲ್ಲದ, ಕಂದು ಬಣ್ಣದ ಒಂದು ಆರ್ಕಿಡ್. ಸೀತಾಳೆ ದಂಡೆ ಬೆಳೆದ ಮೇಲೆ ಹಸಿರು ಎಲೆ ಬಿಟ್ಟು ತನ್ನ ಕಾಲ ಮೇಲೆ ನಿಲ್ಲುತ್ತದೆ. ಆ ಕಂದು ಆರ್ಕಿಡ್ ಜೀವನ ಪೂರ್ತಿ ಶಿಲೀಂಧ್ರದ್ದೇ ಉಣ್ಣುತ್ತದೆ. ಹಿಮಾಲಯದಲ್ಲಿ ಮೊನೊಟ್ರೋಪಾ ಅಂತ ಮೇಣದ ಹಾಗೆ ಬೆಳ್ಳಗಿನ ಹೂ ಗಿಡ ಇದೆ, ಅದರದ್ದೂ ಇದೇ ದಾರಿ.

ಮಕ್ಕಳಿಗೆ ಹೇಳುವಾಗ ಇಷ್ಟು ಸ್ಪಷ್ಟ ಮಾಡಿ. ಬಲನೋಫೊರಾ ಹೀರುವುದು ಮರವನ್ನು, ನಡುವೆ ಯಾರೂ ಇಲ್ಲ. ಮೊನೊಟ್ರೋಪಾ ಹೀರುವುದು ಶಿಲೀಂಧ್ರವನ್ನು, ಆ ಶಿಲೀಂಧ್ರಕ್ಕೆ ಸಕ್ಕರೆ ಬರುವುದು ಮರದಿಂದ. ಎರಡೂ ಹಸಿರಿಲ್ಲದ ಹೂ ಗಿಡಗಳೇ, ಆದರೆ ಊಟ ಬರುವ ದಾರಿ ಬೇರೆ. ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸಿದರೆ ಐದು ನಿಮಿಷದಲ್ಲಿ ಹಿಡಿದುಬಿಡುತ್ತಾರೆ.

ಪ್ರಶ್ನೆ: ಜಾಲರಿ ಅಣಬೆಯನ್ನು ಚೀನಾದವರು ತಿನ್ನುತ್ತಾರೆ ಅಂತ ವಿಡಿಯೋದಲ್ಲಿ ನೋಡಿದೆ. ನಮ್ಮ ತೋಟದಲ್ಲೂ ಬರುತ್ತದೆ. ತಿನ್ನಬಹುದಾ? ಮತ್ತೆ ಆ ಬಲನೋಫೊರಾ ಗೆಡ್ಡೆ ತಂದು ಮನೆ ಹತ್ತಿರ ನೆಡಬಹುದಾ?
(ಓದುಗರೊಬ್ಬರು, ವಿರಾಜಪೇಟೆ)

ಉತ್ತರ: ಚೀನಾದಲ್ಲಿ ತಿನ್ನುವುದು ನಿಜ. ಅಲ್ಲಿ ಅದನ್ನು ಬೆಳೆಯಾಗಿಯೇ ಬೆಳೆಯುತ್ತಾರೆ, ನಾರುವ ಟೋಪಿಯನ್ನು ತೆಗೆದು, ತೊಳೆದು, ಒಣಗಿಸಿ ಸೂಪಿಗೆ ಹಾಕುತ್ತಾರೆ. ಆದರೆ ಅದು ಗುರುತು ಗೊತ್ತಿರುವ, ಬೇಸಾಯದ ಅಣಬೆ. ನಿಮ್ಮ ತೋಟದ್ದನ್ನು ವಿಡಿಯೋ ನೋಡಿ ಗುರುತು ಹಿಡಿದು ತಿನ್ನಬೇಡಿ. ಈ ಗುಂಪಿನಲ್ಲಿ ಜಾಲರಿ ಇರುವ ಜಾತಿಗಳೇ ಹಲವು ಇವೆ. ಮೊಟ್ಟೆಯ ಹಂತದಲ್ಲಿ ಕಿತ್ತರೆ ಇನ್ನೂ ಅಪಾಯ, ಪ್ರಾಣ ತೆಗೆಯುವ ಅಮಾನಿಟಾ ಅಣಬೆಗಳೂ ಎಳೆಯದರಲ್ಲಿ ಬಿಳಿ ಮೊಟ್ಟೆಯ ಹಾಗೇ ಇರುತ್ತವೆ. ಅವುಗಳ ವಿಷ ಬೇಯಿಸಿದರೆ ಹೋಗುವುದಿಲ್ಲ. ತಿಂದ ತಕ್ಷಣ ಗೊತ್ತೂ ಆಗುವುದಿಲ್ಲ. ಆರು ಗಂಟೆ, ಹನ್ನೆರಡು ಗಂಟೆ ಬಿಟ್ಟು ವಾಂತಿ-ಭೇದಿ ಶುರುವಾಗುತ್ತದೆ, ನಡುವೆ ಒಂದು ದಿನ ವಾಸಿಯಾದ ಹಾಗೆ ಅನ್ನಿಸುತ್ತದೆ, ಅಷ್ಟರಲ್ಲಿ ಲಿವರ್ ಕೆಟ್ಟಿರುತ್ತದೆ. ಬೆಳ್ಳಿ ಚಮಚ ಕಪ್ಪಾದರೆ ವಿಷ, ಹುಳ ತಿಂದಿದ್ದರೆ ಒಳ್ಳೆಯದು ಅನ್ನುವ ಪರೀಕ್ಷೆಗಳು ಯಾವುದೂ ನಿಜವಲ್ಲ. ನಿಮ್ಮ ಮನೆಯ ಹಿರಿಯರು ಇದೇ ಜಾಗದಲ್ಲಿ ವರ್ಷ ವರ್ಷ ಕಿತ್ತು ತಿಂದ ಅಣಬೆ ಯಾವುದೋ ಅಷ್ಟನ್ನೇ ತಿನ್ನಿ. ಯಾರಾದರೂ ತಿಂದು ಅನುಮಾನ ಬಂದರೆ ಕಾಯಬೇಡಿ, ಉಳಿದ ಅಣಬೆಯ ಚೂರನ್ನು ಕಾಗದದಲ್ಲಿ ಸುತ್ತಿ ಜೊತೆಗೆ ಹಿಡಿದು ಆಸ್ಪತ್ರೆಗೆ ಓಡಿ.

ಬಲನೋಫೊರಾ ನೆಡುವ ಆಸೆ ಬಿಡಿ. ಗೆಡ್ಡೆ ಕಿತ್ತ ಕ್ಷಣ ಮರದ ಬೇರಿನ ಕೊಂಡಿ ಹರಿಯುತ್ತದೆ, ಕುಂಡಕ್ಕೆ ಹಾಕಿ ಎಷ್ಟು ನೀರು, ಗೊಬ್ಬರ ಕೊಟ್ಟರೂ ಅದಕ್ಕೆ ಕುಡಿಯಲು ಬಾಯೇ ಇರುವುದಿಲ್ಲ. ಕೀಳುವುದರಿಂದ ಒಂದು ಗುಂಪು ಹೋಗುತ್ತದೆ ಅಷ್ಟೇ. ಅದರ ಬದಲು ಅದು ಯಾವ ಮರದ ಬುಡದಲ್ಲಿತ್ತು ಅಂತ ಗುರುತು ಮಾಡಿಕೊಳ್ಳಿ, ಮರದ ಎಲೆಯ ಫೋಟೋ ಕೂಡ ತೆಗೆದಿಟ್ಟುಕೊಳ್ಳಿ, ಸುತ್ತ ತರಗು ಗುಡಿಸಬೇಡಿ, ಕಳೆನಾಶಕ ಹೊಡೆಯಬೇಡಿ. ಗೆಡ್ಡೆ ಮಣ್ಣಿನಲ್ಲಿ ಉಳಿದಿದ್ದರೆ ಮಳೆ ಮುಗಿಯುವ ಹೊತ್ತಿಗೆ ಮತ್ತೆ ಏಳಬಹುದು. ಎದ್ದರೆ ಲೆನ್ಸ್ ತೆಗೆದುಕೊಂಡು ಹೋಗಿ ನೋಡಿ, ಗಂಡು ಗೊಂಚಲೋ ಹೆಣ್ಣೋ, ಯಾವ ಯಾವ ಹುಳ ಬಂದವು ಅಂತ ನನಗೆ ಬರೆಯಿರಿ. ಮೂಡಿಗೆರೆಯವರಿಗೂ ಇದೇ ಮಾತು, ಈ ಸಲ ಮಗಳನ್ನು ಬೆಳಿಗ್ಗೆಯೇ ಕರೆದುಕೊಂಡು ಹೋಗಿ.